ಮುಟ್ಟಿದತ್ತ ಹೋಗುವ ಸ್ಲೈಡ್‌ಗಳು: ಪವರ್‌ಪಾಯಿಂಟ್ ಪಾಠವನ್ನು ಸಾಲಿನಿಂದ ಬಿಡಿಸುವುದು ಹೇಗೆ?

ಬಾಗಲಕೋಟೆ ಜಿಲ್ಲೆಯ ಯಾವುದೋ ಹೈಸ್ಕೂಲಿನಲ್ಲಿ ಚಾಲುಕ್ಯರ ಪಾಠ ನಡೆದಿದೆ ಎಂದುಕೊಳ್ಳಿ. ಗೋಡೆಯ ಮೇಲೆ 65 ಇಂಚಿನ ಸ್ಮಾರ್ಟ್ ಬೋರ್ಡ್. ಸ್ಲೈಡ್‌ಗಳು ಬಾದಾಮಿಯಿಂದ ಶುರುವಾಗಿ, ಮಹಾಕೂಟ, ಐಹೊಳೆ ಮುಗಿಸಿ ಪಟ್ಟದಕಲ್ಲು ತಲುಪುವುದು 22ನೇ ಸ್ಲೈಡಿಗೆ. ಮೂರನೇ ಸ್ಲೈಡ್ ನಡೆದಿರುವಾಗಲೇ ಹಿಂದಿನ ಬೆಂಚಿನಿಂದ ಒಬ್ಬ ಕೇಳುತ್ತಾನೆ: “ಸರ್, ಪಟ್ಟದಕಲ್ಲಿನ ದೊಡ್ಡ ಗುಡಿ ಯಾರ ಕಟ್ಟಿಸ್ಯಾರ್ರೀ?” ಶಿಕ್ಷಕರ ಮುಂದೆ ಎರಡೇ ದಾರಿ. “ಅದು ಮುಂದ ಬರತೈತಿ, ತಡಿ” ಅನ್ನಬೇಕು; ಇಲ್ಲವೇ ಬಾಣದ ಕೀಲಿಯನ್ನು ಹತ್ತೊಂಬತ್ತು ಸಲ ಒತ್ತಬೇಕು. ನಡುನಡುವೆ ಹಾರಿ ಬರುವ ಅನಿಮೇಷನ್‌ಗಳಿದ್ದರೆ ಇನ್ನೂ ಹೆಚ್ಚು.

ಮೂರನೇ ದಾರಿಯೊಂದಿದೆ. ಪರದೆಯ ಮೇಲೆ ಜಿಲ್ಲೆಯ ನಕ್ಷೆ. ಅದರಲ್ಲಿ ಪಟ್ಟದಕಲ್ಲನ್ನು ಮುಟ್ಟಿದರೆ ವಿರೂಪಾಕ್ಷ ಗುಡಿ ಬರುತ್ತದೆ. ಕಂಚಿಯ ಮೇಲಿನ ಗೆಲುವಿನ ನೆನಪಿಗೆ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಅದನ್ನು ಕಟ್ಟಿಸಿದಳೆಂದು ಹೇಳಿ, ಮೂಲೆಯ ಗುಂಡಿ ಒತ್ತಿದರೆ ಮತ್ತೆ ನಕ್ಷೆ. ಇದಕ್ಕೆ ಕೋಡಿಂಗ್ ಬೇಡ, ಬೇರೆ ಸಾಫ್ಟ್‌ವೇರೂ ಬೇಡ. ಪವರ್‌ಪಾಯಿಂಟ್‌ನಲ್ಲಿ ಇದಕ್ಕೆ ಬೇಕಾದದ್ದು ಎಷ್ಟೋ ವರ್ಷಗಳಿಂದ ಇದೆ. ಮೌಸ್ ಹಿಡಿದು ಕೂತು ಪಾಠ ಮಾಡುವವರಿಗೆ ಅದರ ಅಗತ್ಯ ಅಷ್ಟಾಗಿ ಕಂಡಿರಲಿಲ್ಲ. ಬೆರಳಿಂದ ಮುಟ್ಟುವ ಬೋರ್ಡ್ ಬಂದ ಮೇಲೆ ಕಾಣತೊಡಗಿದೆ.

ರೈಲು ಮತ್ತು ಪಡಸಾಲೆ

ಸಾಮಾನ್ಯ ಸ್ಲೈಡ್ ಶೋ ಗದಗ–ಸೊಲ್ಲಾಪುರ ರೈಲಿದ್ದಂತೆ. ಬಾದಾಮಿ, ಬಾಗಲಕೋಟೆ, ಆಲಮಟ್ಟಿ ದಾಟಿಯೇ ವಿಜಯಪುರ. ನಡುವಿನ ನಿಲ್ದಾಣ ಬಿಟ್ಟು ಹಾರುವಂತಿಲ್ಲ. ಹೀಗೆ ಒಂದರ ಹಿಂದೊಂದು ಬರುವುದನ್ನು ಸಾಲು ಕ್ರಮ ಎನ್ನೋಣ.

ನಮಗೆ ಬೇಕಿರುವುದು ಹಳೆಯ ಮನೆಯ ಪಡಸಾಲೆ. ಅಡಿಗೆಮನೆ, ದೇವರ ಮನೆ, ಕೋಣೆ ಎಲ್ಲದರ ಬಾಗಿಲೂ ಪಡಸಾಲೆಗೆ ತೆರೆಯುತ್ತವೆ. ಯಾವ ಕೋಣೆಗೆ ಹೋದರೂ ತಿರುಗಿ ಬರುವುದು ಅಲ್ಲಿಗೇ. ಸ್ಲೈಡ್‌ಗಳಲ್ಲಿ ಪಡಸಾಲೆಯ ಕೆಲಸವನ್ನು ಒಂದು ಮುಖ್ಯ ಸ್ಲೈಡ್ ಮಾಡುತ್ತದೆ. ಮೇಲಿನ ಪಾಠದಲ್ಲಿ ಅದು ಜಿಲ್ಲೆಯ ನಕ್ಷೆ.

ಪವರ್‌ಪಾಯಿಂಟ್ ಹುಟ್ಟಿದ್ದೇ ಸಾಲು ಕ್ರಮಕ್ಕೆ. 1987ರಲ್ಲಿ ಆಪಲ್ ಮ್ಯಾಕಿಂಟಾಷ್‌ಗೆ ಬಂದ ಮೊದಲ ಆವೃತ್ತಿಯ ಕೆಲಸ, ಓವರ್‌ಹೆಡ್ ಪ್ರೊಜೆಕ್ಟರ್ ಮೇಲೆ ಇಡುವ ಪಾರದರ್ಶಕ ಹಾಳೆಗಳನ್ನು ತಯಾರಿಸಿಕೊಡುವುದು. (ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿ ಸೇರಿದ್ದೂ ಅದೇ ವರ್ಷ.) ತಮಾಷೆಯೆಂದರೆ, ಆ ಹಾಳೆಗಳ ಕಟ್ಟಿನಿಂದ ಬೇಕಾದ್ದನ್ನು ಕೈಯಿಂದ ಎತ್ತಿ ಇಡಬಹುದಿತ್ತು. ಕಟ್ಟು ಕಂಪ್ಯೂಟರಿನೊಳಗೆ ಹೋದ ಮೇಲೆ “ಮುಂದೆ” ಎಂಬ ಒಂದೇ ಬಾಗಿಲು ಉಳಿಯಿತು.

ಈ ಕೆಲಸದಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಜಿಗಿಯುವುದಕ್ಕೆ ಕೊಂಡಿ, ಅಂದರೆ ಲಿಂಕ್. ಸ್ಲೈಡ್ ಬದಲಾಗದೆ ಅದರೊಳಗೇ ಏನಾದರೂ ನಡೆಯುವುದಕ್ಕೆ ಟ್ರಿಗರ್. ಎಲ್ಲಿ ಮುಟ್ಟಿದರೂ ಮುಂದೆ ಓಡುವ ಪವರ್‌ಪಾಯಿಂಟ್‌ನ ಹುಟ್ಟುಗುಣಕ್ಕೆ ಬೀಗ ಹಾಕುವುದು ಮೂರನೆಯದು. ಮೊದಲಿನ ಎರಡನ್ನು ಕಲಿಸುವವರು ಬಹಳ. ಫೈಲು ತರಗತಿಯಲ್ಲಿ ಕೈಕೊಡುವುದು ಮಾತ್ರ ಹೆಚ್ಚಾಗಿ ಮೂರನೆಯದನ್ನು ಮರೆತದ್ದಕ್ಕೆ.

ಕೊಂಡಿ ಹಾಕುವುದು

ಕಂಪ್ಯೂಟರ್ ಮುಂದೆ ಕೂರುವ ಮುಂಚೆ ಒಂದು ಕಾಗದದ ನಡುವೆ ಪಡಸಾಲೆ ಬರೆಯಿರಿ. ಸುತ್ತ ಕೋಣೆಗಳು, ಒಳಗೆ ಹೋಗುವ ಗೆರೆ, ಹೊರಗೆ ಬರುವ ಗೆರೆ. ಹೊರಗೆ ಬರುವ ಗೆರೆ ಇಲ್ಲದ ಕೋಣೆ ಕಂಡರೆ ಅಲ್ಲೇ ತಿದ್ದಬಹುದು. ನಾಲ್ಕರಿಂದ ಆರು ಕೋಣೆ ಇದ್ದರೆ ಸಾಕು. ಹತ್ತಾದರೆ ಪಡಸಾಲೆ ತುಂಬ ಬಾಗಿಲೇ ಆಗುತ್ತದೆ.

ಈಗ ಸ್ಲೈಡ್‌ಗಳನ್ನು ಮಾಡಿ. ಪ್ರತಿಯೊಂದಕ್ಕೂ ಮೇಲಿನ ಶೀರ್ಷಿಕೆಯ ಚೌಕದಲ್ಲಿ ಹೆಸರು ಕೊಡಿ. ಕೊಂಡಿ ಹಾಕುವಾಗ ಬರುವ ಪಟ್ಟಿಯಲ್ಲಿ ಕಾಣುವುದು ಈ ಶೀರ್ಷಿಕೆಗಳೇ. ಹೆಸರಿಲ್ಲದಿದ್ದರೆ “ಸ್ಲೈಡ್ 7”, “ಸ್ಲೈಡ್ 8” ಎಂದಷ್ಟೇ ಬಂದು ಯಾವುದು ಯಾವ ಊರೆಂದು ಹುಡುಕುತ್ತ ಕೂರಬೇಕಾಗುತ್ತದೆ.

ನಕ್ಷೆಯಲ್ಲಿ ಬಾದಾಮಿಯ ಮೇಲೆ ಇನ್ಸರ್ಟ್ ಟ್ಯಾಬಿನ ಶೇಪ್ಸ್‌ನಿಂದ ಒಂದು ವೃತ್ತ ಇಡಿ. ಅದನ್ನು ಆರಿಸಿ ಕಂಟ್ರೋಲ್ ಮತ್ತು ಕೆ ಕೀಲಿ ಒಟ್ಟಿಗೆ ಒತ್ತಿ. ತೆರೆಯುವ ಪೆಟ್ಟಿಗೆಯಲ್ಲಿ ಎಡಗಡೆ “ಪ್ಲೇಸ್ ಇನ್ ದಿಸ್ ಡಾಕ್ಯುಮೆಂಟ್” ಒತ್ತಿ, ಬಾದಾಮಿಯ ಮೊದಲ ಸ್ಲೈಡ್ ಆರಿಸಿ, ಓಕೆ ಕೊಡಿ. ಉಳಿದ ಊರುಗಳಿಗೂ ಇಷ್ಟೇ. ಪರೀಕ್ಷಿಸಲು ಎಫ್5 ಒತ್ತಿ ಶೋ ಶುರು ಮಾಡಬೇಕು. ತಿದ್ದುವ ಪರದೆಯಲ್ಲಿ ಬರಿ ಕ್ಲಿಕ್ ಮಾಡಿದರೆ ಕೊಂಡಿ ತೆರೆಯುವುದಿಲ್ಲ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ಕೊಂಡಿಯನ್ನು ಅಕ್ಷರಗಳಿಗೆ ಹಾಕದೆ ಇಡೀ ಆಕೃತಿಗೆ ಹಾಕಿ. ಅಕ್ಷರಕ್ಕೆ ಹಾಕಿದರೆ ಅದರ ಬಣ್ಣ ಬದಲಾಗಿ ಅಡಿಗೆರೆ ಬರುತ್ತದೆ, ಬೆರಳು ಆ ಅಕ್ಷರದ ಮೇಲೆಯೇ ಬೀಳಬೇಕಾಗುತ್ತದೆ. ಇನ್ನೊಂದು, ನಕ್ಷೆಯ ಮೇಲೆ ಕಾಣದ ಗುಂಡಿ ಬೇಕೆಂದು ಕೆಲವರು “ನೋ ಫಿಲ್” ಕೊಡುತ್ತಾರೆ. ಹಾಗೆ ಮಾಡಿದ ಆಕೃತಿಯ ಒಳಗು ಟೊಳ್ಳು. ಮುಟ್ಟಿದ್ದು ಹಿಂದಿನ ಚಿತ್ರಕ್ಕೆ ಹೋಗಿಬಿಡುತ್ತದೆ. ಬದಲಿಗೆ ಯಾವುದಾದರೂ ಬಣ್ಣ ತುಂಬಿ ಟ್ರಾನ್ಸ್‌ಪರೆನ್ಸಿಯನ್ನು 99ಕ್ಕೆ ಏರಿಸಿ. ಕಣ್ಣಿಗೆ ಕಾಣದು, ಬೆರಳಿಗೆ ಸಿಗುತ್ತದೆ.

ಹಿಂತಿರುಗುವ ಗುಂಡಿಯನ್ನು ಒಂದೊಂದು ಸ್ಲೈಡಿನಲ್ಲೂ ಇಡುತ್ತ ಹೋಗಬೇಡಿ. ವ್ಯೂ ಟ್ಯಾಬಿನಲ್ಲಿ ಸ್ಲೈಡ್ ಮಾಸ್ಟರ್ ತೆರೆದು, ಎಡಗಡೆಯ ಎಲ್ಲಕ್ಕಿಂತ ಮೇಲಿನ ದೊಡ್ಡ ಸ್ಲೈಡಿನ ಮೂಲೆಯಲ್ಲಿ ಒಂದು ಮನೆಯ ಚಿಹ್ನೆ ಇಟ್ಟು ಪಡಸಾಲೆಗೆ ಕೊಂಡಿ ಹಾಕಿದರೆ ಎಲ್ಲ ಸ್ಲೈಡಿನಲ್ಲೂ ಅದು ಬರುತ್ತದೆ. ನಾಳೆ ಅದರ ಜಾಗ ಬದಲಿಸಬೇಕೆನಿಸಿದರೆ ತಿದ್ದುವುದು ಒಂದೇ ಕಡೆ.

ಹೀಗೆ ಹಾಕಿದ ಕೊಂಡಿ ಸ್ಲೈಡನ್ನೇ ಹಿಂಬಾಲಿಸುತ್ತದೆ, ಅದರ ಸಂಖ್ಯೆಯನ್ನಲ್ಲ. 9ನೇ ಸ್ಲೈಡನ್ನು ಎಳೆದು 15ನೇ ಜಾಗಕ್ಕೆ ಇಟ್ಟರೂ ಕೊಂಡಿ ತಪ್ಪುವುದಿಲ್ಲ. ಆದರೆ ಆ ಸ್ಲೈಡನ್ನು ಅಳಿಸಿ ಹೊಸದು ಮಾಡಿದರೆ ಕೊಂಡಿಯನ್ನೂ ಹೊಸದಾಗಿ ಹಾಕಬೇಕು.

ಇನ್ಸರ್ಟ್ ಟ್ಯಾಬಿನಲ್ಲೇ “ಆ್ಯಕ್ಷನ್” ಎಂಬ ಇನ್ನೊಂದು ಗುಂಡಿ ಇದೆ. ಅದರಲ್ಲಿ “ಲಾಸ್ಟ್ ಸ್ಲೈಡ್ ವ್ಯೂಡ್” ಎಂಬ ಆಯ್ಕೆ ಬಹಳ ಉಪಯೋಗದ್ದು. ಗರ್ಭಗೃಹ, ಸುಕನಾಸಿ, ಶಿಖರ ಮುಂತಾದ ಪದಗಳ ಅರ್ಥ ಇರುವ ಒಂದು ಸ್ಲೈಡ್ ಮಾಡಿದ್ದೀರಿ. ಎಲ್ಲ ಕೋಣೆಯಿಂದಲೂ ಅದಕ್ಕೆ ದಾರಿ ಇದೆ. ಅಲ್ಲಿ ಈ ಆಯ್ಕೆಯ ಗುಂಡಿ ಇಟ್ಟರೆ ಎಲ್ಲಿಂದ ಬಂದರೋ ಅಲ್ಲಿಗೇ ಹಿಂತಿರುಗಿಸುತ್ತದೆ. ಅಂಥ ಸ್ಲೈಡನ್ನು ಸ್ಲೈಡ್ ಶೋ ಟ್ಯಾಬಿನ “ಹೈಡ್ ಸ್ಲೈಡ್” ಒತ್ತಿ ಮರೆಮಾಡಿಡಿ. ಬಾಣದ ಕೀಲಿ ಒತ್ತುತ್ತ ಹೋದಾಗ ಅದು ನಡುವೆ ಬರುವುದಿಲ್ಲ, ಕೊಂಡಿಯಿಂದ ಮಾತ್ರ ತೆರೆಯುತ್ತದೆ. ಅದೇ ಆ್ಯಕ್ಷನ್ ಪೆಟ್ಟಿಗೆಯಲ್ಲಿ “ಮೌಸ್ ಓವರ್” ಎಂಬ ಹಾಳೆಯೂ ಇದೆ. ಮೌಸ್ ಬಾಣ ಮೇಲೆ ಬಂದರೆ ಸಾಕು, ಕೆಲಸ ಮಾಡುತ್ತದೆ. ಸ್ಮಾರ್ಟ್ ಬೋರ್ಡಿಗೆ ಇದು ಬೇಡ. ಬೆರಳು ಪರದೆಯ ಮೇಲೆ ತೇಲಾಡುವುದಿಲ್ಲ, ಮುಟ್ಟುತ್ತದೆ ಅಷ್ಟೇ.

ಗುಂಡಿ ಸರಿಯಿದೆ, ಖಾಲಿ ಜಾಗ ಸರಿಯಿಲ್ಲ

ಇಷ್ಟೆಲ್ಲ ಮಾಡಿ ತರಗತಿಗೆ ಹೋಗುತ್ತೀರಿ. ಹುಡುಗಿಯೊಬ್ಬಳು ಐಹೊಳೆಯ ವೃತ್ತವನ್ನು ಮುಟ್ಟಲು ಹೋಗುತ್ತಾಳೆ. ಬೆರಳು ಅರ್ಧ ಇಂಚು ಆಚೆ ಬೀಳುತ್ತದೆ. ಪರದೆಯ ಮೇಲೆ ಬಾದಾಮಿ ಬರುತ್ತದೆ. “ಸರ್, ಇದು ತಪ್ಪ್ ತೋರಸ್ತದರೀ” ಅನ್ನುತ್ತಾಳೆ. ಕೊಂಡಿ ತಪ್ಪಿಲ್ಲ. ಅವಳು ಮುಟ್ಟಿದ್ದು ಖಾಲಿ ಜಾಗ. ಖಾಲಿ ಜಾಗ ಮುಟ್ಟಿದರೆ ಪವರ್‌ಪಾಯಿಂಟ್ “ಮುಂದಿನ ಸ್ಲೈಡ್” ಎಂದು ಅರ್ಥ ಮಾಡಿಕೊಳ್ಳುತ್ತದೆ, ನಕ್ಷೆಯ ಮುಂದಿನ ಸ್ಲೈಡ್ ಬಾದಾಮಿ.

ಬೀಗ ಇರುವುದು ಟ್ರಾನ್ಸಿಷನ್ಸ್ ಟ್ಯಾಬಿನ ಬಲತುದಿಯಲ್ಲಿ. ಅಲ್ಲಿ “ಅಡ್ವಾನ್ಸ್ ಸ್ಲೈಡ್” ಕೆಳಗೆ “ಆನ್ ಮೌಸ್ ಕ್ಲಿಕ್” ಎಂದಿದೆ, ಅದರ ಮುಂದಿನ ಗುರುತು ತೆಗೆಯಿರಿ. ಎಲ್ಲ ಸ್ಲೈಡಿಗೂ ತೆಗೆಯಬೇಕೆಂದರೆ ಎಡಗಡೆಯ ಸಣ್ಣ ಚಿತ್ರಗಳ ಪಟ್ಟಿಯಲ್ಲಿ ಒಂದನ್ನು ಒತ್ತಿ, ಕಂಟ್ರೋಲ್ ಮತ್ತು ಎ ಕೀಲಿಯಿಂದ ಎಲ್ಲವನ್ನೂ ಆರಿಸಿ, ಆಮೇಲೆ ಗುರುತು ತೆಗೆಯಿರಿ. ಪಕ್ಕದ “ಅಪ್ಲೈ ಟು ಆಲ್” ಒತ್ತಿದರೂ ಆಗುತ್ತದೆ, ಆದರೆ ಆಗ ಈ ಸ್ಲೈಡಿನ ಟ್ರಾನ್ಸಿಷನ್, ಅಂದರೆ ಸ್ಲೈಡ್ ಬದಲಾಗುವಾಗ ಕಾಣುವ ಪರಿಣಾಮವೂ ಎಲ್ಲ ಸ್ಲೈಡಿಗೆ ಅಂಟಿಕೊಳ್ಳುತ್ತದೆ.

ಗುರುತು ತೆಗೆದ ಮೇಲೂ ಸ್ಲೈಡಿನೊಳಗಿನ ಕ್ಲಿಕ್ ಅನಿಮೇಷನ್‌ಗಳು ನಡೆಯುತ್ತವೆ. ಅವು ಮುಗಿದ ಮೇಲೆ ಸ್ಲೈಡ್ ಮುಂದೆ ಹೋಗದೆ ನಿಲ್ಲುತ್ತದೆ. ಬಾದಾಮಿಯ ಕೋಣೆಯಲ್ಲಿ ನಾಲ್ಕು ಸ್ಲೈಡ್ ಇವೆ ಎನ್ನಿ. ಮೊದಲ ಮೂರರಲ್ಲಿ ಗುರುತು ಹಾಗೇ ಇರಲಿ, ಮುಟ್ಟಿದರೆ ಮುಂದೆ ಹೋಗಲಿ. ನಾಲ್ಕನೆಯದರಲ್ಲಿ ಮತ್ತು ಪಡಸಾಲೆಯಲ್ಲಿ ತೆಗೆಯಿರಿ. ಪ್ರತಿ ಸ್ಲೈಡಿಗೂ “ಮುಂದೆ” ಗುಂಡಿ ಇಡುವುದಕ್ಕಿಂತ ಇದು ಸಲೀಸು.

ಈ ಬೀಗ ಬೆರಳಿಗೆ ಮತ್ತು ಮೌಸ್ ಕ್ಲಿಕ್ಕಿಗೆ ಮಾತ್ರ. ಕೀಬೋರ್ಡಿನ ಬಾಣ, ಸ್ಪೇಸ್ ಬಾರ್, ಕೈಯಲ್ಲಿ ಹಿಡಿಯುವ ರಿಮೋಟ್ ಇವೆಲ್ಲ ಮೊದಲಿನಂತೆ ಮುಂದೆ ಓಡಿಸುತ್ತವೆ. ರಿಮೋಟ್ ಹಿಡಿದು ಪಾಠ ಮಾಡುವ ರೂಢಿಯಿದ್ದವರು ಆ ದಿನ ಅದನ್ನು ಮೇಜಿನ ಮೇಲೆ ಬಿಡುವುದು ಒಳ್ಳೆಯದು.

ಬೆರಳು ಗುರಿ ತಪ್ಪಲು ಗುಂಡಿಯ ಅಳತೆಯೂ ಕಾರಣ. ಅಗಲ ಮಾದರಿಯ ಸ್ಲೈಡ್ ಪವರ್‌ಪಾಯಿಂಟ್ ಲೆಕ್ಕದಲ್ಲಿ 33.87 ಸೆಂಟಿಮೀಟರ್ ಅಗಲ. 65 ಇಂಚಿನ ಬೋರ್ಡಿನ ಅಗಲ ಸುಮಾರು 144 ಸೆಂಟಿಮೀಟರ್. ಹಾಗಾಗಿ ಸ್ಲೈಡಿನ 1 ಸೆಂಟಿಮೀಟರ್ ಬೋರ್ಡಿನ ಮೇಲೆ 4 ಸೆಂಟಿಮೀಟರಿಗಿಂತ ತುಸು ಹೆಚ್ಚಾಗುತ್ತದೆ. ಬೆರಳಿಗೆ ಅದು ಸಾಲುತ್ತದೆ. ಅವಸರದ ಬೆರಳಿಗೆ 1.5 ಕೊಡಿ. ಗುಂಡಿಗಳ ನಡುವೆಯೂ ಅಷ್ಟೇ ಜಾಗ ಬಿಡಿ. ಸಣ್ಣ ಮಕ್ಕಳ ತರಗತಿಯಾದರೆ ಗುಂಡಿಗಳೆಲ್ಲ ಸ್ಲೈಡಿನ ಕೆಳಗಿನ ಅರ್ಧದಲ್ಲಿರಲಿ. ಬೋರ್ಡಿನ ಮೇಲಂಚು ಅವರ ಕೈಗೆ ನಿಲುಕುವುದಿಲ್ಲ.

ಟ್ರಿಗರ್: ಯಾವುದನ್ನು ಮುಟ್ಟಿದರೆ ಯಾವುದು ಬರಬೇಕು

ಸಾಮಾನ್ಯ ಅನಿಮೇಷನ್‌ಗೆ ಒಂದು ಸರದಿ ಇರುತ್ತದೆ. ಮೊದಲ ಕ್ಲಿಕ್ಕಿಗೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು. ಎಲ್ಲಿ ಕ್ಲಿಕ್ ಮಾಡಿದಿರಿ ಎಂಬುದು ಅದಕ್ಕೆ ಬೇಡ. ಟ್ರಿಗರ್ ಹಾಕಿದರೆ ಆ ಅನಿಮೇಷನ್ ಸರದಿಯಿಂದ ಹೊರಬಂದು ಒಂದು ನಿರ್ದಿಷ್ಟ ವಸ್ತುವಿಗೆ ಗಂಟುಬೀಳುತ್ತದೆ. ಮನೆಯ ಸ್ವಿಚ್ ಬೋರ್ಡ್ ನೆನೆಯಿರಿ: ಯಾವ ಸ್ವಿಚ್ ಒತ್ತಿದಿರೋ ಆ ದೀಪ, ಯಾವ ಕ್ರಮದಲ್ಲಾದರೂ ಒತ್ತಿ.

ಒಂದು ಪ್ರಶ್ನೆಯನ್ನೇ ಮಾಡಿ ನೋಡೋಣ. “ಐಹೊಳೆಯ ಮೇಗುತಿ ಗುಡಿಯಲ್ಲಿರುವ 634ರ ಶಾಸನವನ್ನು ರಚಿಸಿದ ಕವಿ ಯಾರು?” ಆಯ್ಕೆಗಳು: ಪಂಪ, ರನ್ನ, ರವಿಕೀರ್ತಿ, ಬಾಣ. ರನ್ನನ ಊರಾದ ಮುಧೋಳದ ಕಡೆಯ ಮಕ್ಕಳ ಬೆರಳು ಮೊದಲು ಅವನ ಮೇಲೆಯೇ ಹೋಗುವುದು. ಹೋಗಲಿ, ತಪ್ಪು ಉತ್ತರಕ್ಕೂ ಏನಾದರೂ ನಡೆಯಬೇಕಲ್ಲ.

ನಾಲ್ಕು ಉತ್ತರಗಳಿಗೆ ನಾಲ್ಕು ಆಯತ ಇಡಿ. ರವಿಕೀರ್ತಿಯ ಪಕ್ಕ ಹಸಿರು ಸರಿ ಗುರುತು, ಉಳಿದ ಮೂರರ ಪಕ್ಕ ಒಂದೊಂದು ಕೆಂಪು ತಪ್ಪು ಗುರುತು. ಈಗ ಆಲ್ಟ್ ಮತ್ತು ಎಫ್10 ಒತ್ತಿದರೆ ಬಲಗಡೆ ಸೆಲೆಕ್ಷನ್ ಪೇನ್ ತೆರೆಯುತ್ತದೆ. ಸ್ಲೈಡಿನ ಮೇಲಿರುವ ಎಲ್ಲ ವಸ್ತುಗಳ ಪಟ್ಟಿ ಅದು. “ರೆಕ್ಟ್ಯಾಂಗಲ್ 14” ಎಂಬಂಥ ಹೆಸರುಗಳ ಮೇಲೆ ಎರಡು ಸಲ ಕ್ಲಿಕ್ ಮಾಡಿ “ಗುಂಡಿ ರನ್ನ”, “ತಪ್ಪು ರನ್ನ” ಎಂದು ಬದಲಿಸಿ. ಬೇಸರದ ಕೆಲಸ, ಆದರೆ ಬಿಡಬೇಡಿ. ಮುಂದಿನ ಹೆಜ್ಜೆಯಲ್ಲಿ ಪವರ್‌ಪಾಯಿಂಟ್ ಕೇಳುವುದು ಇದೇ ಹೆಸರು. ಎಂಟು ವಸ್ತುಗಳಲ್ಲಿ ಯಾವುದು “ರೆಕ್ಟ್ಯಾಂಗಲ್ 14” ಎಂದು ಆಗ ತಿಳಿಯುವುದಿಲ್ಲ.

ರನ್ನನ ಪಕ್ಕದ ತಪ್ಪು ಗುರುತನ್ನು ಆರಿಸಿ. ಅನಿಮೇಷನ್ಸ್ ಟ್ಯಾಬಿನಲ್ಲಿ “ಅಪಿಯರ್” ಕೊಡಿ. ಅಲ್ಲೇ ಬಲಕ್ಕೆ ಮಿಂಚಿನ ಚಿಹ್ನೆಯ “ಟ್ರಿಗರ್” ಇದೆ. ಅದನ್ನು ತೆರೆದು “ಆನ್ ಕ್ಲಿಕ್ ಆಫ್” ಮೇಲೆ ಹೋಗಿ “ಗುಂಡಿ ರನ್ನ” ಆರಿಸಿ. ಅನಿಮೇಷನ್ ಪೇನ್ ತೆರೆದು ನೋಡಿದರೆ ಈ ಅನಿಮೇಷನ್ ಸಾಮಾನ್ಯ ಸಾಲಿನಿಂದ ಬೇರೆಯಾಗಿ, ಟ್ರಿಗರ್ ಎಂಬ ತಲೆಬರಹದ ಕೆಳಗೆ ಕೂತಿರುತ್ತದೆ. ಉಳಿದ ಮೂರಕ್ಕೂ ಇದನ್ನೇ ಮಾಡಿ.

ಆಡಿಸಿ ನೋಡಿದಾಗ ಒಂದು ಕೊರತೆ ಕಾಣುತ್ತದೆ. ಮೊದಲು ರನ್ನ, ಆಮೇಲೆ ಪಂಪ, ಕೊನೆಗೆ ರವಿಕೀರ್ತಿ ಮುಟ್ಟಿದರೆ ಎರಡು ತಪ್ಪು, ಒಂದು ಸರಿ ಮೂರೂ ಪರದೆಯ ಮೇಲೆ ಉಳಿಯುತ್ತವೆ. ತಪ್ಪು ಗುರುತು ತಾನೇ ಮಾಯವಾಗಬೇಕು. ಅದೇ ಗುರುತನ್ನು ಮತ್ತೆ ಆರಿಸಿ, “ಆ್ಯಡ್ ಅನಿಮೇಷನ್” ಒತ್ತಿ, ಕೆಂಪು ಬಣ್ಣದ ಎಕ್ಸಿಟ್ ಗುಂಪಿನಿಂದ “ಡಿಸಪಿಯರ್” ಕೊಡಿ. ಇಲ್ಲಿ “ಆ್ಯಡ್” ಎಂಬುದನ್ನು ಮರೆತು ನೇರವಾಗಿ ಪರಿಣಾಮ ಒತ್ತಿದರೆ ಮೊದಲು ಹಾಕಿದ ಅನಿಮೇಷನ್ ಅಳಿಸಿಹೋಗುತ್ತದೆ. ಹೊಸದಕ್ಕೂ ಅದೇ ಟ್ರಿಗರ್ ಕೊಟ್ಟು, ಸ್ಟಾರ್ಟ್ ಜಾಗದಲ್ಲಿ “ಆಫ್ಟರ್ ಪ್ರೀವಿಯಸ್”, ಡಿಲೇ ಜಾಗದಲ್ಲಿ 1.5 ಸೆಕೆಂಡ್ ಇಡಿ. ತಪ್ಪು ಗುರುತು ಬರುತ್ತದೆ, ಒಂದೂವರೆ ಸೆಕೆಂಡ್ ನಿಲ್ಲುತ್ತದೆ, ಹೋಗುತ್ತದೆ. ಮತ್ತೆ ಮುಟ್ಟಿದರೆ ಮತ್ತೆ ಬರುತ್ತದೆ.

ಇದೇ ಜೋಡಿಯಲ್ಲಿ ಎರಡನೆಯದನ್ನು “ಆನ್ ಕ್ಲಿಕ್” ಎಂದೇ ಬಿಟ್ಟರೆ ಇನ್ನೊಂದು ಉಪಯೋಗವಿದೆ: ಒಮ್ಮೆ ಮುಟ್ಟಿದರೆ ತೆರೆಯುತ್ತದೆ, ಇನ್ನೊಮ್ಮೆ ಮುಟ್ಟಿದರೆ ಮುಚ್ಚುತ್ತದೆ. ಗೋಳಗುಮ್ಮಟದ ಚಿತ್ರದಲ್ಲಿ ಗುಮ್ಮಟ, ಪಿಸುಗುಟ್ಟುವ ಮೊಗಸಾಲೆ, ಮೂಲೆಯ ಗೋಪುರಗಳ ಮೇಲೆ ಕಾಣದ ಗುಂಡಿ ಇಟ್ಟು, ಮುಟ್ಟಿದಾಗ ವಿವರ ತೆರೆಯುವಂತೆ ಮಾಡಲು ಇದು ಹೇಳಿ ಮಾಡಿಸಿದಂತಿದೆ.

ಟ್ರಿಗರ್ ಕೆಡುವ ಸಾಮಾನ್ಯ ಕಾರಣಗಳು ಕೆಲವಿವೆ. ಎಲ್ಲ ಮುಗಿದ ಮೇಲೆ ಅಚ್ಚುಕಟ್ಟಾಗಿರಲಿ ಎಂದು ವಸ್ತುಗಳನ್ನು ಗ್ರೂಪ್ ಮಾಡಿದರೆ ಅವುಗಳ ಬಿಡಿ ಅನಿಮೇಷನ್‌ಗಳು ಹೋಗಿಬಿಡುತ್ತವೆ. ಗ್ರೂಪ್ ಮಾಡುವುದಿದ್ದರೆ ಮೊದಲೇ ಮಾಡಿ. ದೊಡ್ಡ ಚಿತ್ರವೊಂದು ಗುಂಡಿಯ ಮೇಲೆ ಹಾಸಿಕೊಂಡಿದ್ದರೆ ಮುಟ್ಟಿದ್ದು ಗುಂಡಿಗೆ ತಲುಪುವುದಿಲ್ಲ. ಸೆಲೆಕ್ಷನ್ ಪೇನ್‌ನಲ್ಲಿ ಗುಂಡಿಯ ಹೆಸರನ್ನು ಎಳೆದು ಚಿತ್ರದ ಹೆಸರಿಗಿಂತ ಮೇಲೆ ಇಡಿ. ಒಂದೇ ಗುಂಡಿಗೆ ಕೊಂಡಿ ಮತ್ತು ಟ್ರಿಗರ್ ಎರಡನ್ನೂ ಹಾಕಬೇಡಿ, ಒಂದು ಗುಂಡಿಗೆ ಒಂದೇ ಕೆಲಸ.

ಪಡಸಾಲೆಯ ಸ್ಲೈಡಿಗೆ ಹಾರಿ ಬರುವ ಅನಿಮೇಷನ್ ಹಾಕುವ ಆಸೆಯನ್ನೂ ತಡೆದುಕೊಳ್ಳಿ. ಕೊಂಡಿ ಹಿಡಿದು ಮರಳಿದಾಗಲೆಲ್ಲ ಆ ಸ್ಲೈಡ್ ಮೊದಲಿನಿಂದ ಆಡುತ್ತದೆ. ನಾಲ್ಕು ಊರುಗಳು ಒಂದೊಂದಾಗಿ ಹಾರಿ ಬರುವುದು ಮೊದಲ ಸಲ ಚೆಂದ, ಐದನೇ ಸಲ ತರಗತಿಯೇ ನಿಟ್ಟುಸಿರು ಬಿಡುತ್ತದೆ. ಬೇಕೇ ಬೇಕೆಂದರೆ ನಕ್ಷೆಯ ಎರಡು ಪ್ರತಿ ಮಾಡಿ: ಶುರುವಿನಲ್ಲಿ ತೋರಿಸಲು ಅನಿಮೇಷನ್ ಇರುವುದು, ಮನೆಯ ಗುಂಡಿ ಮರಳಿ ತರುವುದಕ್ಕೆ ಅನಿಮೇಷನ್ ಇಲ್ಲದ್ದು.

ಹೊಸ ಆವೃತ್ತಿ ಇದ್ದವರಿಗೆ ಜೂಮ್

ಪವರ್‌ಪಾಯಿಂಟ್ 2019 ಅಥವಾ ಮೈಕ್ರೋಸಾಫ್ಟ್ 365 ಇದ್ದರೆ ಇನ್ಸರ್ಟ್ ಟ್ಯಾಬಿನಲ್ಲಿ “ಜೂಮ್” ಕಾಣುತ್ತದೆ. ಮೀಟಿಂಗ್ ಮಾಡುವ ಆ್ಯಪ್‌ಗೂ ಇದಕ್ಕೂ ಸಂಬಂಧವಿಲ್ಲ. ಸ್ಲೈಡ್‌ಗಳನ್ನು ಸೆಕ್ಷನ್‌ಗಳಾಗಿ ವಿಂಗಡಿಸಿ “ಸೆಕ್ಷನ್ ಜೂಮ್” ಹಾಕಿದರೆ ಕೋಣೆಯ ಸಣ್ಣ ಚಿತ್ರ ಪಡಸಾಲೆಯಲ್ಲಿ ಕೂರುತ್ತದೆ. ಮುಟ್ಟಿದರೆ ಕ್ಯಾಮೆರಾ ಒಳಗೆ ನುಗ್ಗಿದಂತೆ ಸ್ಲೈಡ್ ತೆರೆದುಕೊಳ್ಳುತ್ತದೆ, ಸೆಕ್ಷನ್ ಮುಗಿದೊಡನೆ ತಾನೇ ಪಡಸಾಲೆಗೆ ಮರಳುತ್ತದೆ. ಒಂದೇ ಸ್ಲೈಡಿಗೆ “ಸ್ಲೈಡ್ ಜೂಮ್” ಹಾಕಿದಾಗ ಮಾತ್ರ ಜೂಮ್ ಟ್ಯಾಬಿನಲ್ಲಿ “ರಿಟರ್ನ್ ಟು ಜೂಮ್” ಗುರುತು ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಅದು ಮತ್ತೆ ಸಾಲು ಹಿಡಿದು ಮುಂದಿನ ಸ್ಲೈಡಿಗೆ ಹೋಗುತ್ತದೆ.

ನೋಡಲು ಸೊಗಸು, ಮಾಡಲೂ ಸುಲಭ. ಆದರೆ ಮನೆಯಲ್ಲಿ ಹೊಸ ಆವೃತ್ತಿ, ಶಾಲೆಯಲ್ಲಿ ಹಳೆಯದು ಇದ್ದರೆ ಆ ಚಲನೆ ಅಲ್ಲಿ ಸಿಗುವುದಿಲ್ಲ. ಕೊಂಡಿ ಮತ್ತು ಟ್ರಿಗರ್ ಹಳೆಯ ಆವೃತ್ತಿಗಳಲ್ಲೂ ನಡೆಯುತ್ತವೆ.

ಯಾರೂ ಪಕ್ಕದಲ್ಲಿಲ್ಲದಾಗ

ವಿಜ್ಞಾನ ಪ್ರದರ್ಶನ, ಜಾತ್ರೆಯ ಮಳಿಗೆ, ಕೃಷಿ ಮೇಳ. ಪರದೆಯ ಮುಂದೆ ವಿವರಿಸುವವರಿಲ್ಲ. ಬಂದ ರೈತ ದ್ರಾಕ್ಷಿ, ದಾಳಿಂಬೆ, ಲಿಂಬೆ, ತೊಗರಿ ಎಂಬ ನಾಲ್ಕು ಚಿತ್ರಗಳಲ್ಲಿ ತನ್ನ ಬೆಳೆಯನ್ನು ಮುಟ್ಟಿ ನೋಡಿಕೊಳ್ಳಬೇಕು. ಇದಕ್ಕೆ ಸ್ಲೈಡ್ ಶೋ ಟ್ಯಾಬಿನ “ಸೆಟ್ ಅಪ್ ಸ್ಲೈಡ್ ಶೋ” ತೆರೆದು “ಬ್ರೌಸ್ಡ್ ಅಟ್ ಎ ಕಿಯೋಸ್ಕ್” ಆರಿಸಿ. ಆಗ ಖಾಲಿ ಜಾಗ ಮುಟ್ಟಿದರೂ, ಬಾಣದ ಕೀಲಿ ಒತ್ತಿದರೂ ಸ್ಲೈಡ್ ಮುಂದೆ ಹೋಗುವುದಿಲ್ಲ, ಗುಂಡಿಗಳದ್ದೇ ಆಟ. ಹೊರಬರಲು ಎಸ್ಕೇಪ್ ಕೀಲಿ, ಆದ್ದರಿಂದ ಕೀಬೋರ್ಡನ್ನು ಮೇಜಿನ ಕೆಳಗಿಡಿ.

ಕಿಯೋಸ್ಕ್‌ನಲ್ಲಿ ಟ್ರಿಗರ್ ಇಲ್ಲದ “ಆನ್ ಕ್ಲಿಕ್” ಅನಿಮೇಷನ್‌ಗಳು ಶುರುವಾಗುವುದೇ ಇಲ್ಲ. ಅಂಥವನ್ನು ಮೊದಲೇ “ಆಫ್ಟರ್ ಪ್ರೀವಿಯಸ್”ಗೆ ಬದಲಿಸಿ. ಮರಳುವ ಗುಂಡಿ ಇಲ್ಲದ ಸ್ಲೈಡ್ ಇಲ್ಲಿ ಬಾವಿ ಇದ್ದಂತೆ, ಬಿದ್ದವರು ಮೇಲೆ ಬರಲಾರರು.

ಪೆನ್ ಡ್ರೈವ್ ಬೇರೆ ಕಂಪ್ಯೂಟರಿಗೆ ಹೋದಾಗ

“ನುಡಿ” ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಫಾಂಟ್ ಬಳಸಿದರೆ ಈ ತಾಪತ್ರಯವಿಲ್ಲ. ವಿಡಿಯೊ ಅಥವಾ ಇನ್ನೊಂದು ಫೈಲಿಗೆ ಕೊಂಡಿ ಹಾಕುವುದಿದ್ದರೆ ಮೊದಲು ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ, ಆಮೇಲೆ ಕೊಂಡಿ ಹಾಕಿ, ಆ ಫೋಲ್ಡರನ್ನೇ ಒಯ್ಯಿರಿ.

ಗೂಗಲ್ ಸ್ಲೈಡ್ಸ್‌ನಲ್ಲಿ ಸ್ಲೈಡಿನಿಂದ ಸ್ಲೈಡಿಗೆ ಕೊಂಡಿ ಹಾಕಬಹುದು, ಟ್ರಿಗರ್ ಇಲ್ಲ. ಅಲ್ಲಿ ಮೇಲಿನ ಪ್ರಶ್ನೆಯನ್ನು ಮಾಡಲು “ಸರಿ” ಎಂಬ ಒಂದು ಸ್ಲೈಡ್, “ತಪ್ಪು, ಮತ್ತೆ ನೋಡು” ಎಂಬ ಇನ್ನೊಂದು ಸ್ಲೈಡ್ ಮಾಡಿ ಉತ್ತರಗಳಿಂದ ಅಲ್ಲಿಗೆ ಕೊಂಡಿ ಕೊಡಬೇಕು. ಲಿಬ್ರೆ ಆಫೀಸ್ ಇಂಪ್ರೆಸ್‌ನಲ್ಲಿ ವಸ್ತುವಿನ ಮೇಲೆ ಬಲ ಕ್ಲಿಕ್ ಮಾಡಿದರೆ “ಇಂಟರ್‌ಆ್ಯಕ್ಷನ್” ಎಂಬಲ್ಲಿ ಕೊಂಡಿ ಸಿಗುತ್ತದೆ. ವಿಡಿಯೊ ಆಗಿ ಪರಿವರ್ತಿಸಿದರೆ ಮಾತ್ರ ಕೊಂಡಿ, ಟ್ರಿಗರ್ ಎರಡೂ ಸತ್ತು ಮತ್ತೆ ಅದೇ ರೈಲು.

ತರಗತಿಗೆ ಒಯ್ಯುವ ಪ್ರತಿಯನ್ನು “ಪವರ್‌ಪಾಯಿಂಟ್ ಶೋ” ರೂಪದಲ್ಲಿ ಉಳಿಸಿ. ತೆರೆದೊಡನೆ ತಿದ್ದುವ ಪರದೆ ಬರದೆ ನೇರ ಶೋ ಶುರುವಾಗುತ್ತದೆ. ಪಡಸಾಲೆ ಎಷ್ಟನೇ ಸ್ಲೈಡ್ ಎಂಬುದನ್ನು ನೆನಪಿಟ್ಟುಕೊಳ್ಳಿ. ಅದು ಎರಡನೆಯದಾಗಿದ್ದರೆ, ಪಾಠದ ನಡುವೆ ಯಾವ ಗುಂಡಿ ಕೈಕೊಟ್ಟರೂ ಕೀಬೋರ್ಡಿನಲ್ಲಿ 2 ಒತ್ತಿ ಎಂಟರ್ ಒತ್ತಿದರೆ ನಕ್ಷೆ ಮತ್ತೆ ಪರದೆಯ ಮೇಲೆ.